ಸುತ್ತಳತೆಯೊಂದೇ ಸಾಲದು

ಊರಿನ ದೊಡ್ಡ ಆಲಕ್ಕೆ ‘ಸಾವಿರ ವರ್ಷದ ಮರ’ ಎಂದು ಫಲಕ ಬರೆಸುವುದು ಈಚೆಗೆ ರೂಢಿಯಾಗಿದೆ. ಸುತ್ತಳತೆಯನ್ನು ಯಾವುದೋ ಅಂಕಿಯಿಂದ ಗುಣಿಸಿದರೆ ವಯಸ್ಸು ಸಿಕ್ಕಿತೆಂಬ ನಂಬಿಕೆ ಇದರ ಹಿಂದಿದೆ. ಬಯಲಲ್ಲಿ ನಿಂತ ಮರ ವರ್ಷಕ್ಕೆ ಒಂದಂಗುಲ ಸುತ್ತು ದಪ್ಪವಾಗುತ್ತದೆ ಎಂದು ಆಲನ್ ಮಿಚೆಲ್ ಹೇಳಿದ್ದು ಬ್ರಿಟನ್ನಿನ ಮರಗಳಿಗೆ. 1998ರಲ್ಲಿ ಜಾನ್ ವೈಟ್ ಆ ಲೆಕ್ಕವನ್ನು ತಿದ್ದಿದ್ದೂ ಅಲ್ಲಿನ ಮರಗಳಿಗಾಗಿಯೇ. ಬೆಳಗಾವಿ, ಖಾನಾಪುರದ ಮರಗಳಿಗೆ ಅದನ್ನು ಹಾಗೆಯೇ ಹಚ್ಚಲಾಗದು.

ನಮ್ಮಲ್ಲಿ ಮರದ ಬೆಳವಣಿಗೆ ಅಳೆಯುವ ವಿದ್ಯೆ ಶುರುವಾದದ್ದು ಮರಮುಟ್ಟಿನ ಲೆಕ್ಕಕ್ಕಾಗಿ. 1856ರಿಂದ ಅರಣ್ಯಾಧಿಕಾರಿ ಬ್ರಾಂಡಿಸ್ ಬರ್ಮಾದ ಸಾಗವಾನಿಯನ್ನು ಸುತ್ತಳತೆಯ ದರ್ಜೆಗಳಾಗಿ ವಿಂಗಡಿಸಿದರು. 1881ರಲ್ಲಿ ಇನ್ನೊಬ್ಬ ಅರಣ್ಯಾಧಿಕಾರಿ ಗ್ಯಾಂಬಲ್ ಅಂಗುಲಕ್ಕೆಷ್ಟು ಉಂಗುರ ಎಂದು ಬರೆದಿಟ್ಟರು. ಕಡಿಯಲು ತಕ್ಕ ಮರ ಯಾವುದು ಎಂಬಷ್ಟೇ ಅಂದಿನ ಪ್ರಶ್ನೆ.

ಕಡಿಯದೆ ಉಂಗುರ ಓದಲು ಟೊಳ್ಳು ಬೈರಿಗೆ ಬಂತು. ಅದರಲ್ಲಿ ಹೊರಬರುವ ಕಡ್ಡಿ ಐದು ಮಿಲಿಮೀಟರು ದಪ್ಪ. ಅದನ್ನು ಪಟ್ಟಿಗೆ ಅಂಟಿಸಿ ಉಜ್ಜುಕಾಗದದಿಂದ ನುಣುಪು ಮಾಡಿದರೆ, ಬೇಸಿಗೆಯಲ್ಲಿ ಎಲೆ ಉದುರಿಸಿದ ಸಾಗವಾನಿ ಮತ್ತೆ ಚಿಗುರಿದಾಗ ಮೂಡಿಸಿದ ದೊಡ್ಡ ರಂಧ್ರಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಸಾಲಿನಿಂದ ಸಾಲಿಗೆ ಒಂದು ವರ್ಷ. ಮಳೆ ನಡುವೆ ಕೈಕೊಟ್ಟರೆ ಸುಳ್ಳು ಉಂಗುರ ಬೀಳಬಹುದು. ಅದಕ್ಕೇ ಹಲವು ಮರಗಳನ್ನು ತಾಳೆ ನೋಡಬೇಕು. ಬೆರ್ಲಾಗೆ 1931ರಲ್ಲಿ ಜಾವಾದ ಸಾಗವಾನಿಯ ಉಂಗುರಗಳನ್ನು ಓದಿದರು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಬೋರ್ಗಾಂವ್ಕರ್ ತಂಡ 2010ರಲ್ಲಿ ಕೇರಳದ ಸಾಗವಾನಿಯಿಂದ 523 ವರ್ಷಗಳ ಸರಣಿ ಕೊಟ್ಟಿತು. ಖಾನಾಪುರದ ಸಾಗವಾನಿಗೂ ಈ ದಾರಿ ಒಪ್ಪುತ್ತದೆ. ಆಲಕ್ಕೆ ಒಪ್ಪದು; ಅದರಲ್ಲಿ ವರ್ಷದ ಗೆರೆ ಸ್ಪಷ್ಟವಿಲ್ಲ, ಬಿಳಲುಗಳೇ ಕಾಂಡವಾಗಿ ಸುತ್ತಳತೆಯನ್ನೂ ಕೆಡಿಸುತ್ತವೆ.

ಉಂಗುರ ಓದಲಾಗದ ಕಡೆ ಇನ್ನೊಂದು ದಾರಿ ಇಂಗಾಲ-14. ಅದರಿಂದ ಆಡ್ರಿಯನ್ ಪಾತ್ರುತ್ ಟೊಳ್ಳು ಬಾವೊಬಾಬ್‌ಗಳ ವಯಸ್ಸು ಹೇಳಿದರು. ಸವಣೂರಿನ ದೊಡ್ಡ ಹುಣಸೆಗಳೂ ಅದೇ ಜಾತಿಯವು. ಆದರೆ 1650ರಿಂದ ಈಚಿನ ಮರಗಳಲ್ಲಿ ಒಂದೇ ಅಳತೆಗೆ ಹಲವು ಇಸವಿಗಳು ಹೊಂದುತ್ತವೆ.

ನಮ್ಮ ತಲೆಮಾರಿಗೆ ಭರವಸೆ ಕೊಟ್ಟದ್ದು ಮರುಅಳತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1984ರಿಂದ ಬೆಳಗಾವಿಯ ಪಕ್ಕದ ಉತ್ತರ ಕನ್ನಡದಲ್ಲಿ, 1988ರಿಂದ ಮುದುಮಲೈನ 50 ಹೆಕ್ಟೇರಿನಲ್ಲಿ ಮರಗಳಿಗೆ ಗುರುತು ಹಾಕಿ, ವರ್ಷಗಳ ಅಂತರದಲ್ಲಿ ಅವೇ ಮರಗಳನ್ನು ಮತ್ತೆ ಮತ್ತೆ ಅಳೆದರು. ಒಂದೇ ಜಾತಿಯ ಮರವೂ ನೆರಳಲ್ಲಿ ಒಂದು ವೇಗ, ಬೆಳಕಲ್ಲಿ ಇನ್ನೊಂದು ವೇಗ. ಆದ್ದರಿಂದ ವಯಸ್ಸನ್ನು ‘ಇಷ್ಟರಿಂದ ಇಷ್ಟರೊಳಗೆ’ ಎಂದು ಹೇಳುವುದೇ ಪ್ರಾಮಾಣಿಕ ಮಾತು.

ಆ ಮಿತಿಗಳನ್ನು ಇತಿಹಾಸ ಬಿಗಿಗೊಳಿಸಬಲ್ಲದು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಗಲ್ಲಿನ ಆಲವೆಂದು ಜನ ತೋರಿಸುವ ಮರ ಅಂದೇ ಬಲಿತಿರಬೇಕು. ಸಮಾಧಿಯ ಮೇಲೆ ಆಪ್ತನೊಬ್ಬ ನೆಟ್ಟನೆನ್ನುವ ಆಲ ಆ ದಿನಕ್ಕಿಂತ ಹಳೆಯದಾಗಲಾರದು. ಜನರ ನೆನಪು ನಿಜವಾದರೆ ಒಂದಕ್ಕೆ ಕನಿಷ್ಠ ವಯಸ್ಸು, ಇನ್ನೊಂದಕ್ಕೆ ಗರಿಷ್ಠ ವಯಸ್ಸು ಒಂದೇ ತಾರೀಖಿನಿಂದ ಸಿಗುತ್ತದೆ. ಮಳೆಮರವಂತೂ ಅಮೆರಿಕದ್ದು, ಭಾರತಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬೆಳಗಾವಿಯ ಯಾವ ಮಳೆಮರಕ್ಕೂ ಮುನ್ನೂರು ವರ್ಷ ಆಗಿರಲಾರದು.

ಬೆಳಗಾವಿ–ಖಾನಾಪುರ ಹೆದ್ದಾರಿ ಅಗಲವಾದಾಗ ದೊಡ್ಡ ಮರಗಳು ಉರುಳಿದವು. ಹೀಗೆ ಉರುಳುವ ಪ್ರತಿ ಮರದ ಜಾತಿ, ಸುತ್ತಳತೆ, ಉಂಗುರಗಳನ್ನು ಗರಗಸ ಮುಟ್ಟಿದ ದಿನವೇ ಬರೆದಿಟ್ಟರೆ ನಿಂತ ಮರಗಳಿಗೆ ಈ ಸೀಮೆಯದೇ ದರ ಸಿಗುತ್ತದೆ. ಮರ ಕಡಿಯಲು ಕೊಡುವ ಪ್ರತಿ ಅನುಮತಿಯಲ್ಲೂ ಈ ಷರತ್ತು ಇರಬೇಕು. ನೆಟ್ಟ ಇಸವಿ ಗೊತ್ತಿರುವ ಮರಗಳನ್ನು ಶಾಲೆ-ಕಾಲೇಜುಗಳು ಐದು ವರ್ಷಕ್ಕೊಮ್ಮೆ ಅಳೆಯಲಿ. ಅಲ್ಲಿಯವರೆಗೆ ಫಲಕದ ಮೇಲೆ ವಯಸ್ಸು ಬೇಡ. ಅಳತೆ, ಅಳೆದ ತಾರೀಖು ಇದ್ದರೆ ಸಾಕು.