ಯಾವ ಅಂಕ ಮುಂದಿಡಬೇಕು?

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರಿನಲ್ಲಿ ಪಿಯುಸಿ ವಿಜ್ಞಾನ ಓದಿದ ಹುಡುಗಿಯ ಕೈಯಲ್ಲಿ ಬೇಸಿಗೆ ಕಳೆಯುವಷ್ಟರಲ್ಲಿ ನಾಲ್ಕೈದು ಬಗೆಯ ಅಂಕಗಳಿರುತ್ತವೆ. ಪಿಯುಸಿ ಪರೀಕ್ಷೆ-1ರದು, ಹೆಚ್ಚು ಬರಲೆಂದು ಮತ್ತೆ ಬರೆದ ಪರೀಕ್ಷೆ-2ರದು, ಸಿಇಟಿಯದು, ನೀಟ್‌ನದು, ಕೆಲವರಿಗೆ ಕಾಮೆಡ್‌-ಕೆಯದೂ. ಹೊಲದಿಂದ ಬಂದ ಅಪ್ಪ ಕೇಳುವುದು ಒಂದೇ ಮಾತು: “ಇದರಾಗ ಯಾವುದು ನಡೀತೈತಿ?”

ಇದೇ ಮಾತು ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲೂ ಬೇರೆ ರೂಪದಲ್ಲಿ ಕೇಳುತ್ತದೆ. ಅಲ್ಲಿ ಕಾಲೇಜು ಪ್ರವೇಶಕ್ಕೆ ನೋಡುವ ಸ್ಯಾಟ್ ಪರೀಕ್ಷೆ ಶುರುವಾದದ್ದು 1926ರಲ್ಲಿ. ಆ ಅಂಕ ಕೊಡುವುದು ಬಿಡುವುದು ನಿಮ್ಮಿಷ್ಟ ಎಂದು ಬೋಡನ್ ಕಾಲೇಜು 1969ರಲ್ಲೇ ಹೇಳಿತ್ತು. ಆದರೂ ಬಹುಪಾಲು ಕಾಲೇಜುಗಳು ಆ ದಾರಿಗೆ ಬಂದದ್ದು 2020ರಲ್ಲಿ, ಕೋವಿಡ್‌ನಿಂದ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಂಕವನ್ನು ನೋಡುವುದನ್ನೇ ಬಿಟ್ಟಿತು. ಎಂಐಟಿ 2022ರಲ್ಲಿ ಪರೀಕ್ಷೆಯನ್ನು ಮರಳಿ ಕಡ್ಡಾಯ ಮಾಡಿತು, ಡಾರ್ಟ್‌ಮತ್ 2024ರಲ್ಲಿ. ಡಾರ್ಟ್‌ಮತ್ ಕೊಟ್ಟ ಕಾರಣ ನಮ್ಮ ಹಳ್ಳಿಗಳವರೂ ಕಿವಿಗೊಡಬೇಕಾದದ್ದು. ಬಡ ಹಿನ್ನೆಲೆಯ ಮಕ್ಕಳು ತಮ್ಮ ಅಂಕ ಕಡಿಮೆಯಾಯಿತೆಂದು ತಿಳಿದು ಮುಚ್ಚಿಡುತ್ತಿದ್ದರು. ತೋರಿಸಿದ್ದರೆ ಅವರ ಶಾಲೆ, ಮನೆಯ ಸ್ಥಿತಿಯ ಜೊತೆಗಿಟ್ಟು ನೋಡುವವರ ಕಣ್ಣಿಗೆ ಅದೇ ಅಂಕ ದೊಡ್ಡದಾಗಿ ಕಾಣುತ್ತಿತ್ತು. ಆಯ್ಕೆ ಕೊಟ್ಟರೆ ಅದರ ಲಾಭ, ಬುದ್ಧಿ ಹೇಳುವವರು ಹತ್ತಿರ ಇದ್ದವರಿಗೇ ಮೊದಲು ಸಿಗುತ್ತದೆ.

ಕರ್ನಾಟಕ ಈ ಗಂಟನ್ನು ಬಿಡಿಸಲು ಹೊರಟದ್ದು ಬೇರೆ ತುದಿಯಿಂದ. ಇಲ್ಲಿ ಮೊದಲು ಅಡ್ಡ ನಿಂತದ್ದು ರೊಕ್ಕ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ 1984ರಲ್ಲಿ ಬಂತು. ಖಾಸಗಿ ವೈದ್ಯಕೀಯ ಕಾಲೇಜೊಂದು ವರ್ಷಕ್ಕೆ 60,000 ರೂಪಾಯಿ ಕೇಳಿದ್ದನ್ನು ಪ್ರಶ್ನಿಸಿ ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. ಅಂಥ ಶುಲ್ಕ ಸಲ್ಲದು ಎಂದ 1992ರ ಆ ತೀರ್ಪು ಕರ್ನಾಟಕದ ಹೆಸರನ್ನು ದೇಶದ ಕಾನೂನು ಪುಸ್ತಕಗಳಲ್ಲಿ ಬರೆಸಿತು. ಮರುವರ್ಷ ಖಾಸಗಿ ಕಾಲೇಜುಗಳ ಸೀಟು ಹಂಚಿಕೆಯ ಬಗ್ಗೆ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು, ಅದರ ಹಿಂದೆಯೇ 1994ರಲ್ಲಿ ಸಿಇಟಿ ಘಟಕ ಹುಟ್ಟಿತು. ಹಳ್ಳಿಯ ಹುಡುಗನೊಬ್ಬ ಯಾರ ಶಿಫಾರಸೂ ಇಲ್ಲದೆ, ಒಂದು ರ‍್ಯಾಂಕ್ ಹಿಡಿದು ಸರ್ಕಾರಿ ಶುಲ್ಕದಲ್ಲಿ ಎಂಜಿನಿಯರಿಂಗ್ ಸೇರಬಹುದಾದದ್ದು ಸಣ್ಣ ಸಂಗತಿಯಲ್ಲ. ಆ ಬದಲಾವಣೆಯನ್ನು ನಾವು ಬೇಗ ಮರೆತೆವು.

ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ. ಯಾವುದನ್ನೂ ಬಚ್ಚಿಡುವಂತಿಲ್ಲ. ಲೆಕ್ಕ ಹಾಕಿ ನೋಡಿ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 72. ಇನ್ನೊಬ್ಬಳಿಗೆ 240 ಮತ್ತು 108. ಮೊದಲನೆಯವಳದು 67.5ಕ್ಕೆ ನಿಲ್ಲುತ್ತದೆ, ಎರಡನೆಯವಳದು 70. ಬಾಯಿಪಾಠದಲ್ಲಿ ಮುಂದಿದ್ದು ಬಹುಆಯ್ಕೆ ಪ್ರಶ್ನೆಗೆ ಕೈ ಪಳಗದ ಹಳ್ಳಿ ಮಕ್ಕಳು ಹಿಂದೆ ಬೀಳುವುದು ಇಲ್ಲೇ. ತಪ್ಪು ಉತ್ತರಕ್ಕೆ ಸಿಇಟಿಯಲ್ಲಿ ಅಂಕ ಕಡಿತವಿಲ್ಲ; ಹಾಗಿದ್ದೂ ಗೊತ್ತಿಲ್ಲದ ಪ್ರಶ್ನೆ ಖಾಲಿ ಬಿಟ್ಟು ಬರುವವರು ಇದ್ದಾರೆ. ಕಡಿತವಿಲ್ಲ ಎಂಬುದನ್ನು ಅವರಿಗೆ ಯಾರೂ ಒತ್ತಿ ಹೇಳಿರುವುದಿಲ್ಲ.

ಖಾಸಗಿ ಕಾಲೇಜುಗಳ ಕಾಮೆಡ್‌-ಕೆ 2004ರಿಂದ ನಡೆಯುತ್ತಿದೆ. ಅಲ್ಲಿ ರ‍್ಯಾಂಕ್‌ಗೆ ಪ್ರವೇಶ ಪರೀಕ್ಷೆಯ ಅಂಕವೇ ಆಧಾರ, ಪಿಯುಸಿಯದು ಅರ್ಹತೆಗೆ ಮಾತ್ರ. ಪಿಯುಸಿಯಲ್ಲಿ ಎಡವಿದವರಿಗೆ ಅದು ಎರಡನೇ ಬಾಗಿಲು, ಶುಲ್ಕ ಮಾತ್ರ ಸರ್ಕಾರಿ ಸೀಟಿಗಿಂತ ಬಹಳ ಹೆಚ್ಚು. ವೈದ್ಯಕೀಯಕ್ಕೆ ಯಾವ ಅಂಕ ಎಂಬ ಯೋಚನೆಯೇ ಉಳಿದಿಲ್ಲ. 2013ರಲ್ಲಿ ಬಂದು ಅದೇ ವರ್ಷ ರದ್ದಾದ ನೀಟ್ 2016ರಲ್ಲಿ ಮರಳಿತು, ಈಗ ಅದೊಂದೇ.

ಯಾವ ಅಂಕ ಎಣಿಸಬೇಕು ಎಂಬ ಪ್ರಶ್ನೆ ರಾಜ್ಯದಲ್ಲಿ ನಿಜವಾಗಿ ಸಿಡಿದದ್ದು ಕೋವಿಡ್ ನಂತರ. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯು ಅಂಕಗಳ ಮೇಲೆ ಫಲಿತಾಂಶ ಕೊಟ್ಟರು. ಆ ವರ್ಷ ಸಿಇಟಿ ಅಂಕದಿಂದಲೇ ರ‍್ಯಾಂಕ್. ಅದೇ ತಂಡದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಲೆಕ್ಕಕ್ಕಿಲ್ಲ ಎಂದಾಯಿತು. ಸುಮಾರು 24,000 ಮಕ್ಕಳ ರ‍್ಯಾಂಕ್ ಕೆಳಗಿಳಿಯಿತು. ಅವರು ಹೈಕೋರ್ಟಿಗೆ ಹೋದರು. ಕೊನೆಗೆ ಪ್ರತಿ ವಿಷಯದಲ್ಲಿ ಸರಾಸರಿ ಆರು ಅಂಕ ಕಳೆದು ಉಳಿದುದನ್ನು ಎಣಿಸುವ ಸೂತ್ರಕ್ಕೆ ಒಪ್ಪಿಗೆಯಾಯಿತು. ಕೋರ್ಟಿನ ಮೆಟ್ಟಿಲು ಹತ್ತಬಲ್ಲವರು ಇದ್ದುದರಿಂದ ಮಾತ್ರ ಉಳಿದವರಿಗೂ ನ್ಯಾಯ ದಕ್ಕಿತು ಎಂಬುದು ನನ್ನ ಮನಸ್ಸಿನಲ್ಲಿ ಈಗಲೂ ಕೊರೆಯುತ್ತದೆ.

2024ರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಮುಖ್ಯ ಪರೀಕ್ಷೆಗಳಾದವು. ಯಾವ ವಿಷಯದಲ್ಲಿ ಯಾವ ಸಲ ಹೆಚ್ಚು ಬಂತೋ ಅದೇ ಉಳಿಯುತ್ತದೆ. ಇದರ ಬಗ್ಗೆ ಆಕ್ಷೇಪಗಳಿವೆ: ಮಾಸ್ತರರಿಗೆ ಮೌಲ್ಯಮಾಪನದ ಕೆಲಸ ಮುಗಿಯುವುದೇ ಇಲ್ಲ, ಬೇಸಿಗೆ ರಜೆ ಕರಗಿಹೋಗುತ್ತದೆ. ಆದರೂ ಇಡೀ ಮೂವತ್ತು ವರ್ಷದ ಇತಿಹಾಸದಲ್ಲಿ ಹಳ್ಳಿ ಮಗುವಿನ ಪಾಲಿಗೆ ಇಷ್ಟು ಸರಳವಾದ ಏರ್ಪಾಡು ಇನ್ನೊಂದಿಲ್ಲ ಎಂದೇ ನಾನು ನಂಬುತ್ತೇನೆ. ತೋರಿಸಲೋ ಬಚ್ಚಿಡಲೋ ಎಂದು ಮಗು ತಲೆ ಕೆಡಿಸಿಕೊಳ್ಳಬೇಕಿಲ್ಲ, ಒಳ್ಳೆಯದನ್ನು ಮಂಡಳಿಯೇ ಆರಿಸುತ್ತದೆ. ಅಮೆರಿಕದ ಮಗು ಊಹೆಯಿಂದ ಮಾಡುವ ಕೆಲಸವನ್ನು ಇಲ್ಲಿ ನಿಯಮವೇ ಮಾಡುತ್ತದೆ.

ಹಾಗೆ ತಾನಾಗಿ ಆಗದ ಕಡೆ ಮಾತ್ರ ನಾವು ಇನ್ನೂ ಸೋಲುತ್ತಿದ್ದೇವೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15 ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಇವು ಕೇಳಿದವರಿಗಷ್ಟೇ ಸಿಗುತ್ತವೆ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾ ಇದೆ, 2021ರಲ್ಲಿ ಅದನ್ನು ಶೇ 40ರಿಂದ 50ಕ್ಕೆ ಏರಿಸಿದರು. ಅದನ್ನು ಬಯಸುವವರು ಪ್ರಾಯೋಗಿಕ ಪರೀಕ್ಷೆಯೊಂದನ್ನು ಬೇರೆಯಾಗಿ ಬರೆಯಬೇಕು. ಅಲ್ಲಿ ಕೇಳುವುದು ಹೊಲದ ತಿಳಿವಳಿಕೆ. ಬಿತ್ತನೆಯ ದಿನ ಅಪ್ಪನ ಹಿಂದೆ ನಡೆದವಳಿಗೆ ಯಾವ ಕೋಚಿಂಗೂ ಬೇಡ. ಕೃಷಿ ವಿಶ್ವವಿದ್ಯಾಲಯ ಇದೇ ಜಿಲ್ಲೆಯ ಧಾರವಾಡದಲ್ಲಿದೆ. ಹಾಗಿದ್ದೂ ಅರ್ಜಿಯಲ್ಲಿ ಆ ಕಾಲಂ ತುಂಬದೆ, ಸಾಮಾನ್ಯ ಸಾಲಿನಲ್ಲಿ ನಿಂತು ಸೀಟು ಕಳೆದುಕೊಳ್ಳಲು ಗೊತ್ತಿಲ್ಲದಿರುವುದೊಂದೇ ಸಾಕು.

ಇನ್ನೊಂದು ನಷ್ಟ ಅರ್ಜಿಗಿಂತ ಬಹಳ ಮೊದಲೇ ಆಗುತ್ತದೆ. ಏಳನೇ ಇಯತ್ತೆ ಮುಗಿದ ಕೂಡಲೇ ಇಂಗ್ಲಿಷ್ ಮಾಧ್ಯಮದ ಆಸೆಗೆ ಮಗುವನ್ನು ಹುಬ್ಬಳ್ಳಿಗೆ ಹಾಕುವ ಮನೆಗಳಿವೆ. ಆ ಆಸೆ ತಪ್ಪಲ್ಲ. ಆದರೆ ಆ ಮೂರು ವರ್ಷಕ್ಕೆ ಗ್ರಾಮೀಣ, ಕನ್ನಡ ಮಾಧ್ಯಮ ಎಂಬ ಎರಡು ಪ್ರಮಾಣಪತ್ರಗಳೂ ಹೋಗುತ್ತವೆ ಎಂದು ಆ ದಿನ ಅವರಿಗೆ ತಿಳಿದಿರಬೇಕು. ಪ್ರೌಢಶಾಲೆಯ ಪ್ರವೇಶದ ದಿನವೇ ಮುಖ್ಯೋಪಾಧ್ಯಾಯರು ಇದನ್ನು ತಂದೆ-ತಾಯಿಗೆ ಕೂರಿಸಿ ಹೇಳುವಂತಾಗಬೇಕು. ಹತ್ತು ವರ್ಷ ಒಂದೇ ಊರಲ್ಲಿ ಓದಿದ ದಾಖಲೆ ಶಾಲೆಯ ರಜಿಸ್ಟರಿನಲ್ಲೇ ಇದೆ. ಕಲಘಟಗಿಯ ಬಿಇಓ ಕಚೇರಿಗೆ ಸಹಿಗಾಗಿ ಓಡಾಡುವ ಬದಲು ಆ ದಾಖಲೆಯೇ ಅರ್ಜಿಯೊಳಗೆ ತಾನಾಗಿ ಬಂದು ಕೂತರೆ, ಆ ಹುಡುಗಿ ಕೇಳದಿದ್ದರೂ ಅವಳ ಪಾಲು ಅವಳಿಗೆ ಸಿಗುತ್ತದೆ.