ಉಪಭೋಗವು ಭೋಗವಾದ ಬಗೆ

ಶ್ರಾವಕನ ಗುಣವ್ರತಗಳಲ್ಲಿ ಭೋಗೋಪಭೋಗ ಪರಿಮಾಣವನ್ನು ಎಣಿಸಿದ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪದಾರ್ಥಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಆಹಾರದಂತೆ ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ; ವಸ್ತ್ರದಂತೆ ಮತ್ತೆ ಮತ್ತೆ ಬಳಸತಕ್ಕದ್ದು ಉಪಭೋಗ. ಈ ವಿಂಗಡಣೆಯಂತೆ ಸ್ಮಾರ್ಟ್‌ಫೋನು ನಿಸ್ಸಂದೇಹವಾಗಿ ಉಪಭೋಗ ವಸ್ತು. ಆದರೂ ಕೆಡದ ಫೋನನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ರೂಢಿ ಬಂದು, ಅದು ಭೋಗವಸ್ತುವಿನ ಸಾಲಿಗೆ ಸೇರಿದೆ. ಈ ರೂಢಿ ತಾನಾಗಿ ಹುಟ್ಟಿದ್ದಲ್ಲವೆಂಬುದಕ್ಕೆ ವಾಣಿಜ್ಯದ ಇತಿಹಾಸವೇ ಸಾಕ್ಷಿ.

ಲೆಕ್ಕಶಾಸ್ತ್ರದಲ್ಲಿ ಸವಕಳಿಗೆ ಎರಡು ಮುಖ್ಯ ಕಾರಣಗಳನ್ನು ಹೇಳುತ್ತಾರೆ: ವಸ್ತು ಬಳಕೆಯಿಂದ ಸವೆಯುವುದು ಒಂದು, ಹೊಸತು ಬಂದುದರಿಂದ ಹಳತು ಬೇಡವಾಗುವುದು ಇನ್ನೊಂದು. ಇಪ್ಪತ್ತನೆಯ ಶತಮಾನದ ಉದ್ಯಮವು ಇವೆರಡನ್ನೂ ಬುದ್ಧಿಪೂರ್ವಕವಾಗಿ ನಿರ್ಮಿಸಲು ಕಲಿಯಿತು. 1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ವಿದ್ಯುದ್ದೀಪ ತಯಾರಕರು ಜಿನೀವಾದಲ್ಲಿ ‘ಫೀಬಸ್’ ಎಂಬ ಒಕ್ಕೂಟ ಕಟ್ಟಿ, ಬಲ್ಬಿನ ಆಯುಷ್ಯವನ್ನು 1000 ಗಂಟೆಗೆ ಇಳಿಸಿದರು. ಅದಕ್ಕಿಂತ ಬಹುಕಾಲ ಉರಿಯುವ ಬಲ್ಬು ಮಾಡಿದ ಸದಸ್ಯರಿಗೆ ದಂಡ ವಿಧಿಸಿದರು. ತೂಕ ಅಳತೆಗಳಲ್ಲಿನ ವಂಚನೆಯನ್ನು ಅಚೌರ್ಯ ವ್ರತದ ಅತಿಚಾರವೆಂದು ನಮ್ಮ ಆಚಾರ್ಯರು ಗಣಿಸಿದ್ದಾರೆ. ಇದು ಕಾಲದ ಅಳತೆಯಲ್ಲಿ ನಡೆದ ವಂಚನೆಯಲ್ಲವೆ? ಅದೇ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ಆಲ್ಫ್ರೆಡ್ ಸ್ಲೋನರ ನಾಯಕತ್ವದಲ್ಲಿ ವರ್ಷಕ್ಕೊಂದು ಹೊಸ ಮಾದರಿಯ ಕಾರನ್ನು ತರುವ ಪದ್ಧತಿಯನ್ನು ಬೆಳೆಸಿತು. ಕಾರು ಸವೆಯುವ ಮೊದಲೇ ಅದರ ಮೇಲಿನ ಮನಸ್ಸು ಸವೆಯತೊಡಗಿತು.

ಸ್ಮಾರ್ಟ್‌ಫೋನು ಈ ಎರಡೂ ಪಾಠಗಳಿಗೆ ವಾರಸುದಾರ. 2007ರಲ್ಲಿ ಐಫೋನು ಬಂದಿತು. ಮರುವರ್ಷ ಅಮೆರಿಕದಲ್ಲಿ ಅದರ ಮುಂದಿನ ಮಾದರಿಯನ್ನು ಎರಡು ವರ್ಷದ ಸೇವಾ ಕರಾರಿನೊಡನೆ 199 ಡಾಲರಿಗೆ ಕೊಟ್ಟರು. ಉಳಿದ ಬೆಲೆ ಮಾಸಿಕ ಶುಲ್ಕದಲ್ಲಿ ಅಡಗಿತ್ತು. ಕರಾರು ಮುಗಿದೊಡನೆ ಹೊಸ ಫೋನು ಕೈಗೆ ಬರುತ್ತಿತ್ತು. ಹಾಗೆ ಕರಾರಿನ ಅವಧಿಯೇ ಫೋನಿನ ಆಯುಷ್ಯವಾಯಿತು. 2013ರಿಂದೀಚೆಗೆ ಅಲ್ಲಿ ಆ ಕರಾರುಗಳು ಮರೆಯಾಗಿ, ಪೂರ್ಣ ಬೆಲೆ ಗ್ರಾಹಕನ ಕಣ್ಣಿಗೆ ಬಿದ್ದಾಗ, ಜನರು ಅದೇ ಫೋನನ್ನು ಹೆಚ್ಚು ಕಾಲ ಇರಿಸಿಕೊಳ್ಳತೊಡಗಿದರು. ನಮ್ಮ ದೇಶದಲ್ಲಿ ಇಂಥ ಕರಾರು ಬೇರೂರಲಿಲ್ಲ. ಆ ಕೆಲಸವನ್ನು ಸುಲಭ ಕಂತುಗಳೂ ಹಳತನ್ನು ಪಡೆದು ಹೊಸತನ್ನು ಕೊಡುವ ಯೋಜನೆಗಳೂ ಮಾಡುತ್ತಿವೆ.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಬೋಧಪ್ರದ. ಬ್ಯಾಟರಿ ಕ್ಷೀಣಿಸಿದ ಹಳೆಯ ಫೋನುಗಳು ಹಠಾತ್ತನೆ ಸ್ಥಗಿತಗೊಳ್ಳದಿರಲೆಂದು ತಾನು ಅವುಗಳ ವೇಗವನ್ನು ತಗ್ಗಿಸಿದ್ದುಂಟೆಂದು ಆಪಲ್ ಸಂಸ್ಥೆಯು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಜನರ ಆಕ್ರೋಶಕ್ಕೆ ಮಣಿದು ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2019ರ ಜನವರಿಯಲ್ಲಿ ಅದರ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ, ಹೊಸ ಫೋನಿಗೆ ಬದಲಾಗುವವರು ಕಡಿಮೆಯಾದುದಕ್ಕೆ ಈ ಅಗ್ಗದ ದುರಸ್ತಿಯೂ ಒಂದು ಕಾರಣವೆಂದು ಹೇಳಿದರು. ಬಹುಜನರಿಗೆ ಬೇಕಾಗಿದ್ದುದು ಬ್ಯಾಟರಿಯೇ ಹೊರತು ಹೊಸ ಫೋನಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಈಗ ಕಾನೂನು ಎಚ್ಚೆತ್ತಿದೆ. ಯುರೋಪಿಯನ್ ಒಕ್ಕೂಟವು 2025ರ ಜೂನ್ 20ರಿಂದ ಹೊಸ ಮಾದರಿಗಳ ಮುಖ್ಯ ಬಿಡಿಭಾಗಗಳು ಮಾರಾಟ ನಿಂತ ಮೇಲೂ 7 ವರ್ಷ ದೊರೆಯಬೇಕೆಂದು ವಿಧಿಸಿದೆ. ಆದರೆ ಕಾನೂನು ವಸ್ತುವಿನ ಆಯುಷ್ಯವನ್ನು ಹೆಚ್ಚಿಸಬಲ್ಲುದು, ಆಸೆಯನ್ನು ಕುಗ್ಗಿಸಲಾರದು. 2022ರಲ್ಲಿ ಜಗತ್ತಿನಲ್ಲಿ ಉಂಟಾದ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದು ಕಾಲುಭಾಗಕ್ಕಿಂತ ಕಡಿಮೆಯೆಂದು ವಿಶ್ವಸಂಸ್ಥೆಯ ವರದಿ ತಿಳಿಸಿದೆ. ಉಳಿದುದರಲ್ಲಿ ಎಷ್ಟೋ ಭಾಗ ಮಣ್ಣು ನೀರುಗಳನ್ನು ಸೇರಿ ಜೀವಿಗಳನ್ನು ಬಾಧಿಸುತ್ತದೆ. ಕಣ್ಣಿಗೆ ಕಾಣದುದರಿಂದ ಅದು ಹಿಂಸೆಯಾಗದೆ ಹೋಗದು.

ಹಳತನ್ನು ಬಿಡಲಾರದಿರುವುದೂ ಮೋಹವಲ್ಲವೆ ಎಂದು ಕೆಲವರು ಕೇಳಬಹುದು. ತತ್ತ್ವಾರ್ಥಸೂತ್ರವು ಪರಿಗ್ರಹವೆಂದರೆ ಮೂರ್ಛೆ ಎನ್ನುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಮೂರ್ಛೆ ತಿಳಿಯುವುದಿಲ್ಲ. ಅದು ಸ್ಥಳ ಬದಲಿಸುತ್ತದೆ, ಅಷ್ಟೆ. ಸುರಕ್ಷತೆಯ ಪರಿಷ್ಕರಣೆಗಳು ನಿಂತುಹೋದ ಫೋನನ್ನು ಬದಲಿಸುವುದು ಅವಶ್ಯಕತೆ. ಹೊಸ ಬಣ್ಣಕ್ಕಾಗಿ ಬದಲಿಸುವುದು ಮೂರ್ಛೆ.

ಜೀವಾವಧಿಯ ತ್ಯಾಗವನ್ನು ಯಮವೆಂದೂ ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ಸಮಂತಭದ್ರರು ಹೇಳಿದ್ದಾರೆ. ಗೃಹಸ್ಥನಿಗೆ ನಿಯಮವು ಸುಸಾಧ್ಯ. ಕೊಂಡ ದಿನವೇ ‘ಇಷ್ಟು ವರ್ಷ ಇದನ್ನು ಬದಲಿಸೆನು’ ಎಂದು ಶ್ರಾವಕನು ನಿಯಮ ಮಾಡಿಕೊಳ್ಳಲಿ. ಮಾರುವ ಶ್ರಾವಕನು ಬ್ಯಾಟರಿ ಬದಲಿಸಿದರೆ ಸಾಕೆಂದಿದ್ದಲ್ಲಿ ಅದನ್ನು ಗಿರಾಕಿಗೆ ತಿಳಿಸಲಿ. ಒಂದು ಮಾರಾಟ ತಪ್ಪೀತು. ಅಚೌರ್ಯ ವ್ರತ ಉಳಿದೀತು.