ಸಿಂಹಳದ ಅಣಬೆ, ಲಂಡನ್ನಿನ ಪೊಟ್ಟಣ

ಮಳೆ ಬಿದ್ದು ನಾಲ್ಕು ದಿನವಾದ ಮೇಲೆ ಕೆಂಗೇರಿಯ ಕಡೆಯ ತೋಪುಗಳಲ್ಲಿ ಅಡ್ಡಾಡುವಾಗ ಅಣಬೆ ಕಣ್ಣಿಗೆ ಬಿದ್ದರೆ, ವಾಚಕರು ಅದನ್ನು ಕಡ್ಡಿಯಿಂದ ಮಗುಚಿ ನೋಡಬೇಕು. ಸಾಮಾನ್ಯವಾಗಿ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂಥ ಪದರಗಳಿರುತ್ತವೆ. ಅವುಗಳ ಬದಲು ಸ್ಪಂಜಿನಂತೆ ತೂತುಗಳಿದ್ದು, ಮೈ ಮೆತ್ತಗೆ ದಪ್ಪಗಿದ್ದರೆ ಅದು ಬಹುಶಃ ಬೊಲೀಟಸ್ ಬಳಗದ್ದು. ಜಾತಿ ಯಾವುದೆಂದು ಹೇಳುವುದು ಮಾತ್ರ ಸುಲಭವಲ್ಲ. ಆ ಪ್ರಶ್ನೆಯನ್ನು ಹಿಡಿದು ಹೊರಟವರು ಎಷ್ಟೋ ವೇಳೆ ಲಂಡನ್ನಿನ ಕ್ಯೂ ಉದ್ಯಾನದ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಹೀಗಾದುದು ಹೇಗೆ? 19ನೆಯ ಶತಮಾನದಲ್ಲಿ ಸಿಂಹಳದ ಪೇರಾದೆನಿಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಥ್ವೈಟ್ಸ್ ಅವರು ಅಲ್ಲಿನ ಅಣಬೆಗಳನ್ನು ಒಣಗಿಸಿ ಇಂಗ್ಲೆಂಡಿಗೆ ಕಳುಹಿಸುತ್ತಿದ್ದರು. ಅವನ್ನು ಪರೀಕ್ಷಿಸಿದವರು ಬರ್ಕ್ಲಿ ಎಂಬ ಪಾದ್ರಿ. ಆಲೂಗೆಡ್ಡೆಯ ಅಂಗಮಾರಿಗೆ ಬೂಷ್ಟೇ ಕಾರಣವೆಂದು 1846ರಲ್ಲೇ ವಾದಿಸಿದವರು ಇವರೇ. ಇವರೂ ಇವರ ಮಿತ್ರ ಬ್ರೂಮ್ ಅವರೂ 1873ರಲ್ಲಿ ಸಿಂಹಳದ ಒಂದು ಭಾರಿ ಅಣಬೆಗೆ ಬೊಲೀಟಸ್ ಪೋರ್ಟೆಂಟೋಸಸ್ ಎಂದು ಹೆಸರಿಟ್ಟರು. ಆ ಲ್ಯಾಟಿನ್ ಮಾತಿಗೆ 'ಅದ್ಭುತವಾದದ್ದು' ಎಂದರ್ಥ. ಆ ಅದ್ಭುತ ಸಿಂಹಳದ ನೆಲದಲ್ಲಿ ಎದ್ದು ನಿಂತದ್ದನ್ನು ಬರ್ಕ್ಲಿ ಕಣ್ಣಾರೆ ಕಂಡವರಲ್ಲ.

ಈ ಬಳಗದ ಅಣಬೆಯನ್ನು ಒಣಗಿಸುವುದು ಹಪ್ಪಳ ಒಣಗಿಸಿದಂತಲ್ಲ. ಬಹುಬೇಗ ಹುಳು ಬೀಳುತ್ತದೆ. ತೆಳ್ಳಗೆ ಸೀಳಿ, ಕಾವಿನಲ್ಲಿಟ್ಟು ತೇವ ತೆಗೆಯಬೇಕು. ತೆಗೆದ ಮೇಲೆ ಉಳಿಯುವುದೇನು? ಬಣ್ಣ ಹೋಯಿತು, ವಾಸನೆ ಹೋಯಿತು. ಕೆಲವು ಜಾತಿಗಳು ಕತ್ತರಿಸಿದೊಡನೆ ನೀಲಿಗೆ ತಿರುಗುವ ಸೊಗಸೂ ಹೋಯಿತು. ಕಂದು ಚಕ್ಕೆಯೂ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಬೀಜಕಣಗಳೂ ಉಳಿದವು. ಆದ್ದರಿಂದಲೇ ಹಸಿ ಅಣಬೆಯ ಚಿತ್ರಕ್ಕೆ ಅಷ್ಟು ಬೆಲೆ. ಪೇರಾದೆನಿಯದಲ್ಲಿ ಡಿ ಅಲ್ವಿಸ್ ಮನೆತನದವರು ತಲೆಮಾರುಗಳ ಕಾಲ ಚಿತ್ರಕಾರರಾಗಿದ್ದರು. ಹೆಸರಿಟ್ಟವರಿಗೆ ಸಿಕ್ಕಷ್ಟು ಕೀರ್ತಿ ಅವರಿಗೆ ಸಿಗಲಿಲ್ಲವೆಂಬುದು ನನ್ನ ಕೊರಗು.

ಬರ್ಕ್ಲಿ 1879ರಲ್ಲಿ ತಮ್ಮ ಸಂಗ್ರಹವನ್ನು ಕ್ಯೂ ಉದ್ಯಾನಕ್ಕೆ ಕೊಟ್ಟರು. 1905ರಲ್ಲಿ ಪೇರಾದೆನಿಯಕ್ಕೆ ಬಂದ ಪೆಚ್ ಅವರು ಹಳೆಯ ಹೆಸರುಗಳನ್ನು ಅಲ್ಲಿನ ಹಸಿ ಅಣಬೆಗಳೊಡನೆ ತಾಳೆನೋಡಲಾರಂಭಿಸಿದರು. ನಮ್ಮ ಅದ್ಭುತ ಅಣಬೆಯನ್ನು 1951ರಲ್ಲಿ ಬೂಡೈನ್ ಅವರು ಫ್ಲೆಬೋಪಸ್ ಎಂಬ ಕುಲಕ್ಕೆ ಸೇರಿಸಿದರು. ಹೆಸರು ಬದಲಾದರೂ ಅದಕ್ಕೆ ಆಧಾರ 1873ರ ಅಣಬೆಯೇ.

ಇದೆಲ್ಲ ಪಂಡಿತರ ಹರಟೆಯೆಂದು ತಳ್ಳುವಂತಿಲ್ಲ. ಬೊಲೀಟಸ್ ಬಳಗದ ಬಹುಪಾಲು ಅಣಬೆಗಳು ಜೀವಂತ ಮರದ ಬೇರಿನ ನಂಟಿಲ್ಲದೆ ಬೆಳೆಯವು. ಇದಾದರೋ ಮರದ ಹಂಗಿಲ್ಲದೆಯೂ ಬೆಳೆಯುತ್ತದೆ. ಚೀನದ ಯುನ್ನಾನಿನಲ್ಲಿ ಇದನ್ನು ಬೆಳೆದು ಮಾರುತ್ತಾರೆ. ಇದೇ ಬಳಗದಲ್ಲಿ ವಿಷದ ಜಾತಿಗಳೂ ಇವೆ. ಘಟ್ಟದ ಕಾಡಿನಲ್ಲಿ ಸಿಕ್ಕ ದೊಡ್ಡ ತೂತಣಬೆಯೊಂದನ್ನು ಇದೇ ಎಂದು ಒಲೆಗೇರಿಸುವ ಮುನ್ನ ಹೆಸರು ಖಚಿತವಾಗಬೇಡವೆ?

ತೋಪಿನಲ್ಲಿ ಅಂಥದೊಂದು ಸಿಕ್ಕರೆ ಅಡಿಗೆಮನೆಗೆ ತರಬೇಡಿ. ಒಣಗಿಸುವ ಮುನ್ನ ಅದರ ಬಣ್ಣ, ವಾಸನೆ, ಪಕ್ಕದಲ್ಲಿದ್ದ ಮರ, ಸಿಕ್ಕ ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪೊಟ್ಟಣದೊಳಗೆ ಹಾಕಿಡಿ.